ಕಡಲೊಳಗಿನ ಗಣತಿ: ಯೋಹಾನ್ ಯೋರ್ಟ್

ಘಟ್ಟವೇರಿ ಬೆಳಗಾವಿಯ ಕ್ಯಾಂಪಿಗೆ ಬರುವ ತಾರ್ಲಿ ಮೀನು ಒಂದು ವರ್ಷ ರಾಶಿಬೀಳುವುದು, ಇನ್ನೊಂದು ವರ್ಷ ಅಪರೂಪವಾಗುವುದು. ಅದರ ಬಂಧುವಾದ ಹೆರಿಂಗ್‌ನ ಇಂಥ ಏರಿಳಿತವೇ ನಾರ್ವೆಯ ಬೆಸ್ತರ ಅನ್ನದ ಪ್ರಶ್ನೆಯಾಗಿತ್ತು. 1869ರಲ್ಲಿ ಇಂದಿನ ಓಸ್ಲೋದಲ್ಲಿ ಜನಿಸಿದ ಯೋರ್ಟರು ಸಂಗಡಿಗರೊಡನೆ ಮೀನಿನ ಹುರುಪೆಯ ಉಂಗುರಗಳನ್ನೆಣಿಸಿ ಅದರ ವಯಸ್ಸನ್ನು ತಿಳಿದರು. 1904ರಲ್ಲಿ ಹುಟ್ಟಿದ ಒಂದೇ ಪೀಳಿಗೆ ಮುಂದೆ ಎಷ್ಟೋ ವರ್ಷ ಬಲೆ ತುಂಬಿತ್ತು! ಎಳೆಮರಿಗಳು ಬದುಕುಳಿದ ವರ್ಷವೇ ಮುಂದಿನ ಸುಗ್ಗಿಗೆ ಬೀಜವೆಂದು 1914ರ ಗ್ರಂಥದಲ್ಲಿ ಪ್ರತಿಪಾದಿಸಿದರು.

ಆದರೆ ಬಲೆಗೆ ಬೀಳದ ಮೀನನ್ನು ಎಣಿಸುವುದೆಂತು? 1935ರಲ್ಲಿ ಓಸ್ಕರ್ ಸುಂಡ್ ಎಂಬ ವಿಜ್ಞಾನಿ ನೀರಿಗೆ ಶಬ್ದ ಕಳುಹಿ, ಕಾಡ್ ಮೀನಿನ ಹಿಂಡುಗಳ ಪ್ರತಿಧ್ವನಿಯನ್ನು ಕಾಗದದ ಮೇಲೆ ಪಡೆದರು. ಆ ಹಡಗಿನ ಹೆಸರೇ ಯೋಹಾನ್ ಯೋರ್ಟ್. ಬದುಕಿದ್ದಾಗಲೇ ದೊರೆತ ಗೌರವ. ಯೋರ್ಟರು 1948ರಲ್ಲಿ ತೀರಿಕೊಂಡರು. 1971ರಲ್ಲಿ ಕೊಚ್ಚಿಯಲ್ಲಿ ಆರಂಭವಾದ ವಿಶ್ವಸಂಸ್ಥೆಯ ಯೋಜನೆ ಅದೇ ಪ್ರತಿಧ್ವನಿಯಿಂದ ನಮ್ಮ ಪಶ್ಚಿಮ ಕರಾವಳಿಯ ತಾರ್ಲಿ, ಬಂಗಡೆಗಳನ್ನು ಅಳೆಯತೊಡಗಿತು.