ಹೂ ಬಿದ್ದ ಕಣ್ಣುಗಳ ವೈದ್ಯ ಡಾ. ವೆಂಕಟಸ್ವಾಮಿ

ನಮ್ಮ ಹಿರಿಯರು ಕಣ್ಣಿನ ಎರಡು ಕೇಡುಗಳನ್ನು ಹೆಸರಿನಲ್ಲೇ ಬೇರ್ಪಡಿಸಿಟ್ಟಿದ್ದರು. ಪೊರೆ ಬರುವುದು ಸಾಮಾನ್ಯವಾಗಿ ವಯಸ್ಸಾದವರಿಗೆ. ಹೂ ಮಾತ್ರ ಯಾರ ಕಣ್ಣಿಗೂ ಬೀಳಬಹುದು, ಎಳೆಗೂಸಿನ ಕಣ್ಣಿಗೂ. ಪೊರೆಯೆಂದರೆ ಕಣ್ಣಿನೊಳಗಿನ ಮಸೂರ ಮಬ್ಬಾಗುವುದು. ಹೂವೆಂದರೆ ಕಣ್ಣಿನ ಮುಂದೆ ಗಡಿಯಾರದ ಗಾಜಿನಂತೆ ಕುಳಿತಿರುವ ಕಾರ್ನಿಯಾ ಎಂಬ ಪಾರದರ್ಶಕ ಪದರ ಹುಣ್ಣಾಗಿ, ಮಾಯ್ದು, ಬಿಳಿಯ ಕಲೆಯಾಗಿ ಉಳಿಯುವುದು. ಪೊರೆಯನ್ನು ತೆಗೆದರೆ ದೃಷ್ಟಿ ಮರಳುತ್ತದೆ. ಹೂ ಬಿದ್ದು ಕುರುಡಾದ ಕಣ್ಣಿಗೆ ಮೃತರೊಬ್ಬರ ಕಾರ್ನಿಯಾವನ್ನು ಹೊಲಿಯಬೇಕು. ಅದು ಬೇಕಾದಷ್ಟು ಸಿಕ್ಕುವುದಿಲ್ಲ, ಸಿಕ್ಕಿದರೂ ಎಲ್ಲ ಕಣ್ಣುಗಳಲ್ಲಿ ನಿಲ್ಲುವುದಿಲ್ಲ. ಪೊರೆಯ ಶಸ್ತ್ರಚಿಕಿತ್ಸೆಗಾಗಿ ಲೋಕವೇ ಕೊಂಡಾಡಿದ ಡಾ. ಗೋವಿಂದಪ್ಪ ವೆಂಕಟಸ್ವಾಮಿಯವರು ಈ ಹೂವಿನೊಡನೆ ನಡೆಸಿದ ಹೋರಾಟವನ್ನು ಬಲ್ಲವರು ಕಡಿಮೆ. ನಾವು ಇಂದು ಹೇಳಹೊರಟಿರುವುದು ಮುಖ್ಯವಾಗಿ ಅದನ್ನೇ.

ಉದಕಮಂಡಲಕ್ಕೆ ಹೋಗುವ ನಮ್ಮವರು ಕೊಯಮತ್ತೂರಿನಿಂದ ಮೇಟ್ಟುಪಾಳ್ಯಂ ದಾರಿ ಹಿಡಿದಾಗ ನಡುವೆ ಪೆರಿಯನಾಯಕನಪಾಳ್ಯಂ ಸಿಗುತ್ತದೆ. ರಾಮಕೃಷ್ಣ ಮಿಷನ್ ವಿದ್ಯಾಲಯಕ್ಕೆ ಹೆಸರಾದ ಊರು, ನೂಲಿನ ಗಿರಣಿಗಳಿಗೆ ಯಂತ್ರ ಮಾಡಿಕೊಡುವ ಕಾರ್ಖಾನೆಯೂ ಇರುವ ಊರು. ಆ ಜಿಲ್ಲೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನೇ ಆಡುತ್ತ ಬಂದಿರುವ ದೇವಾಂಗ ನೇಕಾರ ಕುಟುಂಬಗಳೂ ಇವೆ ಎಂಬುದು ನಮ್ಮ ಓದುಗರಿಗೆ ಹಿತವಾದ ಸಂಗತಿ. ಸಾಣೆ ಹಿಡಿಯುವಲ್ಲಿ ಹಾರುವ ಕಬ್ಬಿಣದ ಕಿಡಿ, ಹೊಲದಲ್ಲಿ ಗೀರುವ ಕಬ್ಬಿನ ಗರಿ, ಇವು ಕಣ್ಣಿಗೆ ಶತ್ರುಗಳು. ಈ ಸೀಮೆಯವರಿಗೆ ಹತ್ತಿರವಾಗುವಂತೆ 1997ರಲ್ಲಿ ಕೊಯಮತ್ತೂರಿನಲ್ಲಿ ಅರವಿಂದ ಕಣ್ಣಾಸ್ಪತ್ರೆಯ ಶಾಖೆ ತೆರೆದಾಗ ಅದರ ಸ್ಥಾಪಕರಾದ ವೆಂಕಟಸ್ವಾಮಿಯವರು ಎಂಬತ್ತನ್ನು ಸಮೀಪಿಸಿದ್ದರು.

ಅವರು ಹುಟ್ಟಿದ್ದು 1918ರ ಅಕ್ಟೋಬರ್ 1ರಂದು, ತಮಿಳುನಾಡಿನ ದಕ್ಷಿಣದಲ್ಲಿ ಎಟ್ಟಯಪುರದ ಬಳಿಯ ವಡಮಲಾಪುರವೆಂಬ ಹಳ್ಳಿಯ ರೈತ ಮನೆಯಲ್ಲಿ. ಹೊಳೆಯ ಮರಳಿನ ಮೇಲೆ ಅಕ್ಷರ ತಿದ್ದಿ, ಬರಿಗಾಲಲ್ಲಿ ನಡೆದು ಶಾಲೆ ಕಲಿತ ಹುಡುಗ. ಬಂಧುಗಳ ಮನೆಯ ಹೆಣ್ಣುಮಕ್ಕಳು ಹೆರಿಗೆಯಲ್ಲಿ ತೀರಿಹೋದದ್ದನ್ನು ಕಂಡು ಹೆರಿಗೆ ವೈದ್ಯನಾಗಬೇಕೆಂದು ಬಯಸಿದ. ಮದ್ರಾಸಿನ ಸ್ಟ್ಯಾನ್ಲಿ ಕಾಲೇಜಿನಲ್ಲಿ 1944ರಲ್ಲಿ ವೈದ್ಯ ಪದವಿ ಪಡೆದು ಸೇನೆಯ ವೈದ್ಯ ವಿಭಾಗ ಸೇರಿದ. ಅಲ್ಲಿಗೆ ಬಯಕೆಯ ಕಥೆ ಮುಗಿಯಿತು. ಭೀಕರವಾದ ಸಂಧಿವಾತ ಹಿಡಿದು 1948ರಲ್ಲಿ ಸೇನೆ ಬಿಡಬೇಕಾಯಿತು. ಬಹುಕಾಲ ಹಾಸಿಗೆಯಲ್ಲೇ ಕಳೆದು ಎದ್ದಾಗ ಬೆರಳುಗಳು ಸೊಟ್ಟಗಾಗಿ ಗಂಟುಕಟ್ಟಿದ್ದವು. ಹೆರಿಗೆ ಮಾಡಿಸುವುದು ಆ ಕೈಗಳಿಂದ ಆಗದ ಕೆಲಸ. ಅವರು ನೇತ್ರವೈದ್ಯಕೀಯಕ್ಕೆ ತಿರುಗಿದರು. ಪೆನ್ನು ಹಿಡಿಯಲೇ ಪರದಾಡುವ ಬೆರಳುಗಳಿಗೆ ಚೂರಿ ಹಿಡಿಯುವುದನ್ನು ಕಲಿಸಿದರು, ಕೈಗೆ ಹೊಂದುವ ಉಪಕರಣಗಳನ್ನು ಮಾಡಿಸಿಕೊಂಡರು. ಆ ಕೈಗಳೇ ಮುಂದೆ ಒಂದು ಲಕ್ಷಕ್ಕೂ ಮಿಕ್ಕಿ ಕಣ್ಣುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದವು.

1956ರಲ್ಲಿ, ನಮ್ಮ ಕಾಸರಗೋಡು ಮದ್ರಾಸು ರಾಜ್ಯದಿಂದ ಕೇರಳಕ್ಕೆ ಸೇರಿದ ವರುಷ, ಅವರು ಮಧುರೆಯ ಸರಕಾರಿ ವೈದ್ಯಕೀಯ ಕಾಲೇಜಿನ ನೇತ್ರ ವಿಭಾಗದ ಮುಖ್ಯಸ್ಥರಾಗಿ ಬಂದರು. ಆಸ್ಪತ್ರೆಗೆ ಬರಲಾರದವರ ಬಳಿಗೆ ಆಸ್ಪತ್ರೆಯೇ ಹೋಗಲೆಂದು ಹಳ್ಳಿಗಳಲ್ಲಿ ಶಿಬಿರಗಳನ್ನು ನಡೆಸಿದರು. ಪೊರೆ ಬಂದ ಮುದುಕರು ಮೊಮ್ಮಕ್ಕಳ ಕೈ ಹಿಡಿದು ಬಂದು, ತಾವೇ ನಡೆದು ಮನೆಗೆ ಹೋದರು. ಆದರೆ ತಾಯಂದಿರು ಕಂಕುಳಲ್ಲಿ ಎತ್ತಿಕೊಂಡು ಬರುತ್ತಿದ್ದ ಕೆಲವು ಮಕ್ಕಳ ವಿಷಯದಲ್ಲಿ ಚೂರಿಗೆ ಏನೂ ಕೆಲಸವಿರಲಿಲ್ಲ.

ಈ ರೋಗದ ನಡೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಹಾರದಲ್ಲಿ ಎ ಜೀವಸತ್ವ ಸಾಲದಾದಾಗ ಮಗು ಮೊದಲು ಮುಸ್ಸಂಜೆಯಲ್ಲಿ ಎಡವತೊಡಗುತ್ತದೆ, ಇದೇ ಇರುಳುಗುರುಡು. ಬಳಿಕ ಕಣ್ಣಿನ ಬಿಳಿಭಾಗ ಹೊಳಪು ಕಳೆದುಕೊಂಡು ಒಣಗುತ್ತದೆ, ಅದರ ಮೇಲೆ ನೊರೆಯಂತಹ ಮಚ್ಚೆ ಕಾಣಿಸುತ್ತದೆ. ಇಷ್ಟರವರೆಗೂ ಮಗುವನ್ನು ಉಳಿಸಿಕೊಳ್ಳುವುದು ಸುಲಭ. ಆ ಹೊತ್ತಿಗೆ ದಡಾರವೋ ಭೇದಿಯೋ ಬಂದಿತೆನ್ನಿ, ಕೆಲವೇ ದಿನಗಳಲ್ಲಿ ಕಾರ್ನಿಯಾ ಮೆತ್ತಗಾಗಿ ಕರಗಿಹೋಗುತ್ತದೆ. ನೋವು, ಕೆಂಪು ಹೆಚ್ಚಿಲ್ಲದೆಯೂ ಹೀಗಾಗುವುದುಂಟು, ಆದ್ದರಿಂದ ಮನೆಯವರಿಗೆ ಗೊತ್ತಾಗುವಾಗ ತಡವಾಗಿರುತ್ತದೆ. ಅಂಥ ಎಳೆಗಣ್ಣಿಗೆ ಬೇರೆಯವರ ಕಾರ್ನಿಯಾ ಹೊಲಿದರೂ ಬಹುತೇಕ ಫಲವಿಲ್ಲ. ಕುರುಡಾದ ಮಗು ಬದುಕಿ ಉಳಿಯುವುದೂ ಖಚಿತವಲ್ಲ.

ಔಷಧಿ ಕೊಟ್ಟು ಮನೆಗೆ ಕಳುಹಿಸಿದರೆ ಅದೇ ಬಡತನ, ಅದೇ ಗಂಜಿ. ಇದನ್ನು ಮನಗಂಡ ವೆಂಕಟಸ್ವಾಮಿಯವರು ಸಹೋದ್ಯೋಗಿಗಳೊಡನೆ ಮಧುರೆಯಲ್ಲಿ ಇಂಥ ಮಕ್ಕಳಿಗಾಗಿ ಒಂದು ಪೌಷ್ಟಿಕ ಆಹಾರ ಕೇಂದ್ರವನ್ನು ನಡೆಸಿದರು. ಊರಿನಲ್ಲೇ ಅಗ್ಗವಾಗಿ ಸಿಗುವ ಧಾನ್ಯ, ಬೇಳೆ, ಸೊಪ್ಪುಗಳಿಂದ ಮಗುವನ್ನು ಚೇತರಿಸಿಕೊಳ್ಳುವಂತೆ ಮಾಡುವುದು, ಆ ಅಡುಗೆಯನ್ನು ತಾಯಿಗೆ ಕಲಿಸುವುದು, ಇದೇ ಅಲ್ಲಿನ ಚಿಕಿತ್ಸೆ. ಈ ಕೇಂದ್ರದ ಅನುಭವವನ್ನು 1976ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ವೈದ್ಯ ಪತ್ರಿಕೆ ಲ್ಯಾನ್ಸೆಟ್ ಪ್ರಕಟಿಸಿತು. ನಮ್ಮ ಹಿತ್ತಿಲ ನುಗ್ಗೆಸೊಪ್ಪು, ಹರಿವೆ, ಹಣ್ಣಾದ ಪಪ್ಪಾಯಿ ಇವೆಲ್ಲ ಅದೇ ಸತ್ವದ ಭಂಡಾರಗಳು. ಶಸ್ತ್ರವೈದ್ಯನೊಬ್ಬ ಅಡುಗೆಮನೆಗೆ ನಡೆದದ್ದು ಅವನ ಲಕ್ಷ ಶಸ್ತ್ರಚಿಕಿತ್ಸೆಗಳಿಗಿಂತ ಕಡಿಮೆಯ ಸಾಧನೆಯೆಂದು ನಮಗಂತೂ ತೋರುವುದಿಲ್ಲ.

ಅದೇ 1976ರಲ್ಲಿ ಅವರು ಸರಕಾರಿ ಸೇವೆಯಿಂದ ನಿವೃತ್ತರಾದರು. ಆಗ ಐವತ್ತೆಂಟು ವಯಸ್ಸು. ಮನೆ ಅಡವಿಟ್ಟು, ತಂಗಿ ತಮ್ಮಂದಿರನ್ನು ಜತೆಗೂಡಿಸಿಕೊಂಡು ಹನ್ನೊಂದು ಹಾಸಿಗೆಯ ಆಸ್ಪತ್ರೆ ತೆರೆದರು. ಪಾಂಡಿಚೇರಿಯ ಶ್ರೀ ಅರವಿಂದರ ಭಕ್ತರಾದ ಕಾರಣ ಅದಕ್ಕೆ ಆ ಹೆಸರು. ಹಣವುಳ್ಳವರು ಕೊಟ್ಟದ್ದರಲ್ಲಿ ಇಲ್ಲದವರಿಗೂ ಚಿಕಿತ್ಸೆ ನಡೆಯುವ ಅಲ್ಲಿನ ಏರ್ಪಾಟಿನ ಕುರಿತು ಬೇರೆಯವರು ಸಾಕಷ್ಟು ಬರೆದಿದ್ದಾರೆ. ನಾವು ಮತ್ತೆ ಹೂವಿಗೇ ಬರೋಣ.

ತಿರುಚಿನಾಪಳ್ಳಿ ಸೀಮೆಯಲ್ಲಿ ಅರವಿಂದ ಸಂಸ್ಥೆಯ ಡಾ. ಲಕ್ಷ್ಮೀ ರಹಮತುಲ್ಲಾ ಮತ್ತು ಸಂಗಡಿಗರು 15,419 ಪುಟ್ಟ ಮಕ್ಕಳನ್ನು ಒಂದು ವರ್ಷ ಗಮನಿಸಿದರು. ಒಂದು ಗುಂಪಿಗೆ ವಾರಕ್ಕೊಮ್ಮೆ ಎ ಜೀವಸತ್ವದ ಸಣ್ಣ ಪ್ರಮಾಣ, ಆಹಾರದಿಂದಲೇ ಪಡೆಯಬಹುದಾದಷ್ಟು. ಇನ್ನೊಂದು ಗುಂಪಿಗೆ ಅದು ಇಲ್ಲ. 1990ರಲ್ಲಿ ಅಮೆರಿಕೆಯ ವೈದ್ಯ ಪತ್ರಿಕೆಯಲ್ಲಿ ಫಲಿತಾಂಶ ಹೊರಬಂದಾಗ ತಿಳಿದದ್ದು, ಮೊದಲ ಗುಂಪಿನ ಮಕ್ಕಳಲ್ಲಿ ಸಾವು ನೂರಕ್ಕೆ 54ರಷ್ಟು ಕಡಿಮೆ. ಕಣ್ಣಿಗೆಂದು ಹೊರಟ ಸತ್ವ ಪ್ರಾಣವನ್ನೇ ಕಾಯುತ್ತಿತ್ತು.

ದೊಡ್ಡವರ ಹೂವಿಗೆ ಕಾರಣ ಬೇರೆ. 1994ರ ಮೊದಲ ಮೂರು ತಿಂಗಳಲ್ಲಿ ಕಾರ್ನಿಯಾದ ಹುಣ್ಣಿನಿಂದ ಮಧುರೆಯ ಆಸ್ಪತ್ರೆಗೆ ಬಂದ 434 ಮಂದಿಯನ್ನು ಅಲ್ಲಿನ ವೈದ್ಯರು ಪರೀಕ್ಷಿಸಿದರು. ಅವರಲ್ಲಿ 284 ಮಂದಿಗೆ ಮೊದಲು ಕಣ್ಣಿಗೆ ಗಾಯವಾಗಿತ್ತು. ರೋಗಾಣು ಪತ್ತೆಯಾದ ಹುಣ್ಣುಗಳಲ್ಲಿ ಬ್ಯಾಕ್ಟೀರಿಯಾದಷ್ಟೇ ಪಾಲು ಬೂಷ್ಟಿನದ್ದು. ಇಂಥ ಹುಣ್ಣಿಗೆ ಅಂಗಡಿಯಿಂದ ಕೇಳಿ ತಂದ ಸ್ಟೀರಾಯ್ಡ್ ಹನಿ ಬಿಟ್ಟರೆ ಬೂಷ್ಟು ಇನ್ನಷ್ಟು ಹರಡುತ್ತದೆ. ಅಡಿಕೆ ತೋಟದ ನಮ್ಮವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಎಲೆಯ ಹರಿವಾಣದ ಸುಣ್ಣವೂ ಮಗುವಿನ ಕಣ್ಣಿಗೆ ಸಿಡಿದರೆ ಕಾರ್ನಿಯಾವನ್ನು ಸುಟ್ಟುಬಿಡುತ್ತದೆ. ಆಗ ಕೂಡಲೇ ಧಾರಾಳವಾಗಿ ನೀರು ಹೊಯ್ದು ತೊಳೆದು ವೈದ್ಯರಲ್ಲಿಗೆ ಓಡಬೇಕು.

ದಾನದ ಕಣ್ಣಿಗೆ ಕಾಯದೆ ಕಾರ್ನಿಯಾವನ್ನೇ ತಯಾರಿಸುವ ವಿದ್ಯೆಯೂ ಈಗ ಚಿಗುರುತ್ತಿದೆ. ಹಂದಿಯ ಚರ್ಮದ ಕೊಲಾಜನ್ ಎಂಬ ಸಸಾರಜನಕವನ್ನು ಶುದ್ಧಗೊಳಿಸಿ ಮಾಡಿದ ಪದರವನ್ನು ಭಾರತ ಮತ್ತು ಇರಾನಿನ ಇಪ್ಪತ್ತು ರೋಗಿಗಳ ಕಣ್ಣಿಗೆ ಸೇರಿಸಿ ನೋಡಿದ ವರದಿ 2022ರಲ್ಲಿ ಬಂತು. ಅವರಲ್ಲಿ ಹದಿನಾಲ್ಕು ಮಂದಿ ಮೊದಲು ಕುರುಡರಾಗಿದ್ದರು. ಎರಡು ವರ್ಷಗಳ ಬಳಿಕ ಯಾರೂ ಕುರುಡರಾಗಿರಲಿಲ್ಲ. ಆದರೆ ಅದು ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚಾಚುವ ರೋಗಕ್ಕೆ ಮಾಡಿದ ಪ್ರಯೋಗ. ಹುಣ್ಣಾಗಿ ಹೂ ಬಿದ್ದ ಕಣ್ಣುಗಳಿಗಲ್ಲ.

ವೆಂಕಟಸ್ವಾಮಿಯವರು ಇದನ್ನು ಕಾಣಲಿಲ್ಲ. ಮದುವೆಯಾಗದೆ, ತಂಗಿ ತಮ್ಮಂದಿರ ಮಕ್ಕಳನ್ನೂ ಇದೇ ಕೆಲಸಕ್ಕೆ ಹಚ್ಚಿ, 2006ರ ಜುಲೈ 7ರಂದು ಮಧುರೆಯಲ್ಲಿ ತೀರಿಕೊಂಡಾಗ ಅವರಿಗೆ ಎಂಬತ್ತೇಳು ವರ್ಷ. ಕಡೆಯ ವರ್ಷಗಳವರೆಗೂ ಅವರು ಆ ಸೊಟ್ಟ ಬೆರಳುಗಳೊಡನೆಯೇ ಆಸ್ಪತ್ರೆಗೆ ಹೋಗುತ್ತಿದ್ದರು.