ಮರುಭೂಮಿಯ ಸಹೋದರ: ಸಂತ ಚಾರ್ಲ್ಸ್ ದೆ ಫೂಕೋ

ಒಂದು ದೇವಾಲಯವು ನೂರು ಸಂವತ್ಸರಗಳನ್ನು ಪೂರೈಸಿದಾಗ ಅದರ ದಫ್ತರಗಳನ್ನು ತೆರೆದು ನೋಡುವುದು ವಾಡಿಕೆ. ಸ್ನಾನದೀಕ್ಷೆ ಪಡೆದವರೆಷ್ಟು, ವಿವಾಹಗಳೆಷ್ಟು, ಈ ಮಣ್ಣಿನಿಂದ ಹೊರಟ ಗುರುಗಳೂ ಕನ್ಯಾಸ್ತ್ರೀಯರೂ ಎಷ್ಟು ಮಂದಿ ಎಂದು ನಾವು ಎಣಿಸುತ್ತೇವೆ. ಹಾಗೆ ಎಣಿಸುವುದು ತಪ್ಪಲ್ಲ. ದೇವರಿಗೆ ಕೃತಜ್ಞತೆ ಸಲ್ಲಿಸಲು ಲೆಕ್ಕವೂ ಒಂದು ಆಧಾರ. ಆದರೆ ಇಂಥ ದಫ್ತರದಲ್ಲಿ ಒಂದು ಪುಟವನ್ನೂ ತುಂಬಿಸಲಾರದೆ ಮಡಿದ ಯಾಜಕರೊಬ್ಬರನ್ನು ಧರ್ಮಸಭೆಯು 2022ರ ಮೇ 15ರಂದು ಸಂತರ ಶ್ರೇಣಿಗೆ ಏರಿಸಿತು. ಮೊದಲು ಸೇನಾಧಿಕಾರಿಯಾಗಿಯೂ ಬಳಿಕ ಸಾಹಸಿ ಪ್ರವಾಸಿಯಾಗಿಯೂ ಕೊನೆಗೆ ಸಹಾರಾ ಮರುಭೂಮಿಯ ಏಕಾಂತವಾಸಿಯಾಗಿಯೂ ಬಾಳಿದ ಚಾರ್ಲ್ಸ್ ದೆ ಫೂಕೋ ಅವರ ಜೀವನಚರಿತ್ರೆಯನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ನಗರದ ಕುಲೀನ ಮನೆತನವೊಂದರಲ್ಲಿ 1858ರ ಸೆಪ್ಟೆಂಬರ್ 15ರಂದು ಚಾರ್ಲ್ಸ್ ಜನಿಸಿದರು. ಆರು ವರ್ಷ ತುಂಬುವುದರೊಳಗೆ, 1864ರಲ್ಲಿಯೇ, ತಾಯಿಯೂ ತಂದೆಯೂ ತೀರಿಕೊಂಡರು. ಅನಾಥನಾದ ಬಾಲಕನನ್ನೂ ಅವನ ತಂಗಿಯನ್ನೂ ತಾಯಿಯ ತಂದೆ, ಸೇನೆಯಿಂದ ನಿವೃತ್ತರಾಗಿದ್ದ ಕರ್ನಲ್ ಮೊರ್ಲೆ ಅವರು, ಅಪಾರ ಮಮತೆಯಿಂದ ಸಾಕಿದರು. 1870ರ ಯುದ್ಧದಲ್ಲಿ ಫ್ರಾನ್ಸ್ ಸೋತು ಸ್ಟ್ರಾಸ್‌ಬರ್ಗ್ ಜರ್ಮನರ ವಶವಾದಾಗ ಕುಟುಂಬವು ನಾನ್ಸಿ ನಗರದಲ್ಲಿ ನೆಲೆಸಿತು. ಬಾಲ್ಯದ ಭಕ್ತಿ ಹದಿಹರೆಯದಲ್ಲಿ ಬತ್ತಿಹೋಯಿತು. ಕಂಡಕಂಡ ಗ್ರಂಥಗಳನ್ನು ಓದಿ, ಯಾವುದರಲ್ಲಿಯೂ ನಂಬಿಕೆಯಿಲ್ಲದ ತರುಣನಾಗಿ ಅವರು ಬೆಳೆದರು.

ತಾತನ ದಾರಿಯನ್ನೇ ಹಿಡಿದು 1876ರಲ್ಲಿ ಸೇಂಟ್ ಸೀರ್ ಸೈನಿಕ ವಿದ್ಯಾಲಯವನ್ನೂ, ಎರಡು ವರ್ಷಗಳ ತರುವಾಯ ಸೊಮ್ಯೂರ್ ಪಟ್ಟಣದ ಅಶ್ವದಳ ಶಾಲೆಯನ್ನೂ ಸೇರಿದರು. ಅಷ್ಟರಲ್ಲಿ ತಾತನೂ ಗತಿಸಿ ದೊಡ್ಡ ಆಸ್ತಿ ಕೈಸೇರಿತ್ತು. ಔತಣ, ಜೂಜು, ದುಂದುವೆಚ್ಚಗಳಲ್ಲಿ ಕಾಲ ಕಳೆದ ಈ ಶಿಕ್ಷಣಾರ್ಥಿ ತನ್ನ ತಂಡದಲ್ಲಿ ಕಟ್ಟಕಡೆಯವನಾಗಿ ಉತ್ತೀರ್ಣನಾದನು. 1880ರಲ್ಲಿ ದಳವು ಅಲ್ಜೀರಿಯಕ್ಕೆ ಹೋದಾಗ ವಿವಾಹವಾಗದ ಸ್ತ್ರೀಯೊಬ್ಬಳನ್ನು ಪತ್ನಿಯೆಂಬಂತೆ ಕರೆಸಿಕೊಂಡದ್ದರಿಂದ ಮೇಲಧಿಕಾರಿಗಳು ಕೆರಳಿದರು. ಆಕೆಯನ್ನು ಕಳುಹಿಸಲು ಒಪ್ಪದ ಕಾರಣ 1881ರಲ್ಲಿ ಅವರನ್ನು ಸೇವೆಯಿಂದ ದೂರವಿಟ್ಟರು. ಆದರೆ ಕೆಲವೇ ತಿಂಗಳಲ್ಲಿ ದಕ್ಷಿಣ ಅಲ್ಜೀರಿಯದಲ್ಲಿ ದಂಗೆಯೆದ್ದು ತಮ್ಮ ಸಂಗಾತಿಗಳು ಅಪಾಯದಲ್ಲಿದ್ದಾರೆಂಬ ವಾರ್ತೆ ಕೇಳಿದೊಡನೆಯೇ ಅವರು ಸುಖವೆಲ್ಲವನ್ನೂ ತೊರೆದು ದಳಕ್ಕೆ ಮರಳಿದರು. ಸೋಮಾರಿಯೆಂದು ಹೆಸರಾದವರು ಬಿಸಿಲು ಬಾಯಾರಿಕೆಗಳನ್ನು ಸಿಪಾಯಿಗಳೊಡನೆ ಸಮವಾಗಿ ಸಹಿಸಿದ್ದನ್ನು ಕಂಡು ಎಲ್ಲರೂ ಬೆರಗಾದರು.

ಆ ದಂಡಯಾತ್ರೆಯಲ್ಲಿ ಆಫ್ರಿಕದ ನೆಲವೂ ಅಲ್ಲಿಯ ಜನರೂ ಅವರ ಮನಸ್ಸನ್ನು ಸೆರೆಹಿಡಿದಿದ್ದರು. 1882ರಲ್ಲಿ ಸೇನೆಗೆ ರಾಜೀನಾಮೆಯಿತ್ತು ಅಲ್ಜಿಯರ್ಸ್ ನಗರದಲ್ಲಿ ಅರಬ್ಬಿ ಮತ್ತು ಹೀಬ್ರೂ ಭಾಷೆಗಳನ್ನು ಅಭ್ಯಸಿಸಿದರು. ಮೊರಾಕೊ ದೇಶದ ಬಹುಭಾಗ ಆಗ ಕ್ರೈಸ್ತರಿಗೆ ನಿಷಿದ್ಧವಾಗಿತ್ತು; ಸಿಕ್ಕಿಬಿದ್ದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಯೆಹೂದಿ ಧರ್ಮಬೋಧಕನ ವೇಷ ತೊಟ್ಟು, ಮೊರ್ದೆಕಾಯಿ ಅಬಿ ಸೆರೂರ್ ಎಂಬ ನಿಜವಾದ ಯೆಹೂದಿ ಗುರುವನ್ನೇ ಮಾರ್ಗದರ್ಶಿಯಾಗಿ ಕರೆದುಕೊಂಡು 1883ರ ಜೂನ್ ತಿಂಗಳಲ್ಲಿ ಹೊರಟರು. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಪುಸ್ತಕದಲ್ಲಿ ದಾರಿಯ ವಿವರಗಳನ್ನು ಗುಟ್ಟಾಗಿ ಬರೆದುಕೊಳ್ಳುತ್ತ, ಅಳತೆಯ ಉಪಕರಣಗಳನ್ನು ಬಚ್ಚಿಟ್ಟು, ಯೆಹೂದಿಗೆ ಆ ನಾಡಿನಲ್ಲಿ ಸಲ್ಲುತ್ತಿದ್ದ ತಿರಸ್ಕಾರವನ್ನೆಲ್ಲ ನುಂಗಿಕೊಂಡು ಹನ್ನೊಂದು ತಿಂಗಳು ಸಂಚರಿಸಿದರು. ಯೂರೋಪಿನವರಿಗೆ ಅಜ್ಞಾತವಾಗಿದ್ದ 2,000 ಕಿಲೋಮೀಟರಿಗೂ ಹೆಚ್ಚಿನ ಮಾರ್ಗಗಳು ಭೂಪಟವನ್ನು ಸೇರಿದವು. ಪ್ಯಾರಿಸ್ಸಿನ ಭೂಗೋಳ ಸಂಘವು 1885ರಲ್ಲಿ ಸ್ವರ್ಣಪದಕವನ್ನಿತ್ತು ಗೌರವಿಸಿತು. 1888ರಲ್ಲಿ ಪ್ರಕಟವಾದ ಅವರ ಪ್ರವಾಸಗ್ರಂಥ ವಿದ್ವಾಂಸರ ಮನ್ನಣೆ ಪಡೆಯಿತು.

ಕೀರ್ತಿ ಬಂದಿತು, ಶಾಂತಿ ಬರಲಿಲ್ಲ. ದಿನಕ್ಕೆ ಐದು ವೇಳೆ ದೇವರೆದುರು ತಲೆಬಾಗುವ ಮುಸಲ್ಮಾನರ ಪ್ರಾರ್ಥನೆ ಅವರ ಅಂತರಂಗವನ್ನು ಕಲಕಿತ್ತು. ತನ್ನನ್ನು ಬಾಯಿಮಾತಿನಿಂದ ದೂಷಿಸದೆ ಪ್ರೀತಿಯಿಂದ ಬರಮಾಡಿಕೊಂಡ ಸೋದರಬಂಧು ಮರಿಯ ದೆ ಬೊಂಡಿ ಅವರ ಭಕ್ತಿಯ ಜೀವನವೂ ಹೃದಯವನ್ನು ಕರಗಿಸಿತು. ದೇವರಿರುವುದೇ ನಿಜವಾದರೆ ತನಗೆ ತನ್ನನ್ನು ತೋರ್ಪಡಿಸಲೆಂದು ಪ್ಯಾರಿಸ್ಸಿನ ಗುಡಿಗಳಲ್ಲಿ ಗಂಟೆಗಟ್ಟಲೆ ಕುಳಿತು ಬೇಡಿಕೊಳ್ಳತೊಡಗಿದರು. 1886ರ ಅಕ್ಟೋಬರ್ ಕೊನೆಯಲ್ಲಿ ಸಂತ ಅಗಸ್ತೀನರ ದೇವಾಲಯದಲ್ಲಿ ವಂದನೀಯ ಹ್ಯೂವೆಲಿನ್ ಅವರನ್ನು ಕಂಡು ಧರ್ಮೋಪದೇಶ ನೀಡಬೇಕೆಂದು ಕೇಳಿಕೊಂಡರು. ಆ ಅನುಭವಿ ಗುರುಗಳು ವಾದಕ್ಕೆ ಇಳಿಯಲಿಲ್ಲ; ಮೊಣಕಾಲೂರಿ ಪಾಪನಿವೇದನೆ ಮಾಡುವಂತೆ ಸೂಚಿಸಿ, ಅಂದೇ ಪರಮಪ್ರಸಾದವನ್ನು ಸ್ವೀಕರಿಸಲು ಕಳುಹಿಸಿದರು. ಇಪ್ಪತ್ತೆಂಟರ ಹರೆಯದ ಆ ಸಂದೇಹವಾದಿ ಅಲ್ಲಿಂದ ಎದ್ದಾಗ ತನ್ನ ಬಾಳೆಲ್ಲವೂ ದೇವರದೆಂದು ನಿಶ್ಚಯಿಸಿಕೊಂಡಿದ್ದರು.

ಹ್ಯೂವೆಲಿನ್ ಗುರುಗಳ ಸಲಹೆಯಂತೆ ಪುಣ್ಯಭೂಮಿಯ ಯಾತ್ರೆ ಕೈಗೊಂಡಾಗ ನಜರೇತಿನ ಬೀದಿಗಳು ಅವರಿಗೆ ಮಾರ್ಗ ತೋರಿದವು. ಲೋಕರಕ್ಷಕರು ಬಡಗಿಯಾಗಿ, ಯಾರ ಗಮನಕ್ಕೂ ಬಾರದೆ ಕಳೆದ ದೀರ್ಘ ವರ್ಷಗಳನ್ನು ಅನುಸರಿಸಬೇಕೆಂಬ ಹಂಬಲ ಅಲ್ಲಿ ಮೂಡಿತು. 1890ರ ಜನವರಿಯಲ್ಲಿ ಟ್ರಾಪಿಸ್ಟ್ ಮಠವನ್ನು ಸೇರಿ, ಸಿರಿಯ ಪ್ರಾಂತದ ಅಕ್ಬೆಸ್ ಮಠದಲ್ಲಿ ಆರು ವರ್ಷಕ್ಕೂ ಹೆಚ್ಚು ಕಾಲ ಬಾಳಿದರು. ಒಮ್ಮೆ ನೆರೆಯಲ್ಲಿ ಮೃತನಾದ ಬಡ ಕೂಲಿಕಾರನೊಬ್ಬನ ಮನೆಗೆ ಪ್ರಾರ್ಥನೆಗೆಂದು ಹೋದಾಗ, ಆ ಮನೆಯ ದಾರಿದ್ರ್ಯದೆದುರು ಮಠದ ಬಡತನವೂ ಸಿರಿಯಾಗಿಯೇ ಕಂಡಿತು. 1897ರಲ್ಲಿ ಮಠವನ್ನು ಬಿಟ್ಟು ನಜರೇತಿಗೆ ಹೋಗಿ, ಕ್ಲಾರಾ ಸಭೆಯ ಕನ್ಯಾಸ್ತ್ರೀಯರ ತೋಟದ ಗುಡಿಸಲಿನಲ್ಲಿ ಆಳಾಗಿ ದುಡಿದರು. ಯಾಜಕ ಪದವಿಗೆ ತಾವು ಅನರ್ಹರೆಂಬ ಹಿಂಜರಿಕೆ ಬಹುಕಾಲ ಇತ್ತು. ಪರಮಪ್ರಸಾದವಿಲ್ಲದ ನಾಡುಗಳಿಗೆ ಅದನ್ನು ಕೊಂಡೊಯ್ಯಬೇಕೆಂಬ ಬಯಕೆ ಕೊನೆಗೆ ಗೆದ್ದಿತು. 1901ರ ಜೂನ್ 9ರಂದು ತಮ್ಮ 42ನೆಯ ವಯಸ್ಸಿನಲ್ಲಿ ಅವರು ಯಾಜಕ ದೀಕ್ಷೆ ಪಡೆದರು.

ಅದೇ ವರ್ಷ ಮೊರಾಕೊ ಗಡಿಗೆ ಸಮೀಪದ ಬೆನಿ ಅಬ್ಬೆಸ್ ಎಂಬಲ್ಲಿ ನೆಲೆಸಿದರು. ಸಿಪಾಯಿಗಳು, ದಾರಿಹೋಕರು, ರೋಗಿಗಳು, ಗುಲಾಮರು ಹೀಗೆ ದಿನವೂ ಹತ್ತಾರು ಜನ ಬಾಗಿಲು ತಟ್ಟುತ್ತಿದ್ದರು. ಎಲ್ಲರಿಗೂ ಅವರು ಸಹೋದರ. ಫ್ರೆಂಚ್ ಆಡಳಿತದ ಕಣ್ಣೆದುರಿನಲ್ಲಿಯೇ ಗುಲಾಮಗಿರಿ ನಡೆಯುತ್ತಿದ್ದುದನ್ನು ಸಹಿಸದೆ ಕೆಲವರನ್ನು ಹಣ ತೆತ್ತು ಬಿಡಿಸಿದರು; ಅಧಿಕಾರಿಗಳಿಗೂ ಧರ್ಮಾಧ್ಯಕ್ಷರಿಗೂ ದಿಟ್ಟತನದಿಂದ ಪತ್ರ ಬರೆದರು. 1905ರಲ್ಲಿ ಮರುಭೂಮಿಯ ಒಡಲಾದ ಹೊಗ್ಗಾರ್ ಪರ್ವತಪ್ರದೇಶಕ್ಕೆ ಹೋಗಿ, ತುವಾರೆಗ್ ಜನರ ನಡುವೆ ತಮನ್‌ರಸೆತ್ ಎಂಬ ಕುಗ್ರಾಮದಲ್ಲಿ ಗುಡಿಸಲು ಕಟ್ಟಿದರು. ಆ ಜನರ ಮುಖಂಡ ಮೂಸಾ ಅಗ್ ಅಮಸ್ತಾನ್ ಅವರ ಆಪ್ತಮಿತ್ರನಾದನು.

ದಾನ ನೀಡಲೆಂದು ಬಂದ ಗುರು ದಾನ ಪಡೆಯುವುದನ್ನು ಕಲಿತದ್ದು ಇಲ್ಲಿಯೇ. 1908ರ ಜನವರಿಯಲ್ಲಿ ಬರಗಾಲದ ನಡುವೆ ತೀವ್ರ ಅಸ್ವಸ್ಥರಾಗಿ ಮಲಗಿದಾಗ, ನೆರೆಯ ಬಡವರು ಸುತ್ತಮುತ್ತಲ ಮೇಕೆಗಳಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಹಾಲನ್ನು ಹುಡುಕಿ ತಂದು ಕುಡಿಸಿ ಅವರ ಪ್ರಾಣ ಉಳಿಸಿದರು. ಸಹಾಯಕನಿಲ್ಲದೆ ಬಲಿಪೂಜೆ ಅರ್ಪಿಸಲು ಆಗಿನ ನಿಯಮ ಆಸ್ಪದ ಕೊಡುತ್ತಿರಲಿಲ್ಲ. ಹಿಂದಿನ ಕ್ರಿಸ್ತಜಯಂತಿಯೂ ಪೂಜೆಯಿಲ್ಲದೆ ಕಳೆದಿತ್ತು. ಒಬ್ಬರೇ ಅರ್ಪಿಸುವ ಅನುಮತಿ ಆ ತಿಂಗಳ ಕೊನೆಯಲ್ಲಿ ಬಂದಾಗ ಅವರಿಗಾದ ಆನಂದ, ಅನುದಿನವೂ ಬಲಿಪೂಜೆಯ ಭಾಗ್ಯವುಳ್ಳ ನಮ್ಮಂಥವರನ್ನು ನಾಚಿಸುವಂಥದು.

ತುವಾರೆಗರ ಭಾಷೆಯನ್ನು ಅವರಷ್ಟು ಶ್ರದ್ಧೆಯಿಂದ ಕಲಿತ ಪರದೇಶಿಯರು ವಿರಳ. ಆ ಜನರ ಕವಿತೆಗಳನ್ನೂ ಗಾದೆಗಳನ್ನೂ ಸಂಗ್ರಹಿಸಿ, ಬೃಹತ್ ನಿಘಂಟನ್ನು ರಚಿಸಿದರು. ಅದು ಅವರ ಮರಣಾನಂತರ 1951-52ರಲ್ಲಿ ನಾಲ್ಕು ಸಂಪುಟಗಳಾಗಿ ಮುದ್ರಣಗೊಂಡಿತು. ನಮ್ಮ ನಾಡಿನ ಕಿಟ್ಟೆಲರನ್ನು ಬಲ್ಲ ಕನ್ನಡಿಗರಿಗೆ ಇಂಥ ದುಡಿಮೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಸಂತರ ಚರಿತ್ರೆಯಲ್ಲಿ ಕ್ಲಿಷ್ಟವಾದುದನ್ನು ಮರೆಮಾಚುವುದು ಸತ್ಯಕ್ಕೆ ಸಲ್ಲದು. ಚಾರ್ಲ್ಸರು ಸೇನೆಯನ್ನು ತೊರೆದರೂ ಸೇನೆಯ ಸ್ನೇಹವನ್ನು ತೊರೆಯಲಿಲ್ಲ. ಫ್ರೆಂಚ್ ಆಡಳಿತದಿಂದ ಆ ನಾಡಿಗೆ ಹಿತವಾಗುವುದೆಂದು ನಂಬಿದ್ದರು. ಮರುಭೂಮಿಯ ಆಗುಹೋಗುಗಳನ್ನು ಕುರಿತು ಅಧಿಕಾರಿಗಳಿಗೆ ಬರೆಯುತ್ತಿದ್ದರು. ಮಹಾಯುದ್ಧದ ಕಾಲದಲ್ಲಿ ದರೋಡೆಕೋರರಿಂದ ಗ್ರಾಮಸ್ಥರನ್ನು ರಕ್ಷಿಸಲು ಅವರು ಕಟ್ಟಿಸಿದ ಪುಟ್ಟ ಕೋಟೆಯಲ್ಲಿ ಬಂದೂಕುಗಳೂ ಇದ್ದವು. ಇದನ್ನು ಆಕ್ಷೇಪಿಸುವವರು ಅಂದಿನಿಂದಲೂ ಇದ್ದಾರೆ, ಆ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕಲಾಗದು. ಪರರ ಆಳ್ವಿಕೆಯನ್ನು ಉಂಡ ನಾಡಿನವರಾದ ನಮಗೆ ಅದರ ಭಾರ ತಿಳಿದಿದೆ. ಸಂತನೂ ತನ್ನ ಕಾಲದ ಮನುಷ್ಯನೇ. ದೈವಕೃಪೆಯು ಲೋಪವಿಲ್ಲದವರನ್ನು ಅರಸಿಕೊಂಡು ಹೋಗುವುದಿಲ್ಲ.

1916ರ ಡಿಸೆಂಬರ್ 1, ತಿಂಗಳ ಪ್ರಥಮ ಶುಕ್ರವಾರ. ಸಂಜೆಗತ್ತಲಲ್ಲಿ ಪರಿಚಿತನೊಬ್ಬನ ದನಿ ಕೇಳಿ ಬಾಗಿಲು ತೆರೆದ ಗುರುಗಳನ್ನು ಶಸ್ತ್ರಧಾರಿಗಳ ಗುಂಪೊಂದು ಹೊರಗೆಳೆದು ಕಟ್ಟಿಹಾಕಿತು. ಸೈನಿಕರು ಬರುತ್ತಿರುವುದನ್ನು ಕಂಡು ಗಾಬರಿಗೊಂಡ ಕಾವಲಿನ ತರುಣನೊಬ್ಬ ಗುಂಡು ಹಾರಿಸಿದನು. ಐವತ್ತೆಂಟು ವರ್ಷದ ಆ ಜೀವ ಮರಳಿನ ಮೇಲೆ ಮೌನವಾಗಿ ಒರಗಿತು. ವಾರಗಳ ನಂತರ ಬಂದ ಸೇನಾಧಿಕಾರಿಗೆ, ಆರಾಧನೆಗೆಂದು ಪರಮಪ್ರಸಾದವನ್ನಿರಿಸುತ್ತಿದ್ದ ಪಾತ್ರೆ ಮರಳಿನಲ್ಲಿ ಬಿದ್ದಿರುವುದು ಕಂಡಿತು.

ಲೌಕಿಕ ಲೆಕ್ಕದಲ್ಲಿ ಇದೊಂದು ಸೋತ ಬಾಳು. ತುವಾರೆಗರು ಮುಸಲ್ಮಾನರಾಗಿಯೇ ಉಳಿದರು. ತಾವು ನಿಯಮಾವಳಿ ಬರೆದಿಟ್ಟ ಸಹೋದರರ ಸಭೆಗೆ ಸ್ಥಿರವಾಗಿ ನಿಂತ ಒಬ್ಬ ಸಂಗಾತಿಯೂ ದೊರೆಯಲಿಲ್ಲ. ಆದರೆ 1933ರಲ್ಲಿ ಯೇಸುವಿನ ಕಿರಿಯ ಸಹೋದರರ ಸಭೆಯೂ 1939ರಲ್ಲಿ ಕಿರಿಯ ಸಹೋದರಿಯರ ಸಭೆಯೂ ಅವರ ಆದರ್ಶದಿಂದಲೇ ಹುಟ್ಟಿ, ಅನೇಕ ದೇಶಗಳ ಬಡವರ ಕೇರಿಗಳಲ್ಲಿ ದುಡಿದು ಬಾಳುವ ಧಾರ್ಮಿಕರನ್ನು ಧರ್ಮಸಭೆಗೆ ನೀಡಿದವು. 2005ರಲ್ಲಿ ಅವರನ್ನು ಪುನೀತರೆಂದು ಸಾರಲಾಯಿತು. 2022ರಲ್ಲಿ ವಿಶ್ವಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದ ದಿನವೇ, ತಿರುವಾಂಕೂರಿನ ಹುತಾತ್ಮ ದೇವಸಹಾಯಂ ಅವರೂ ಭಾರತದ ಪ್ರಥಮ ಶ್ರೀಸಾಮಾನ್ಯ ಸಂತರಾಗಿ ಘೋಷಿತರಾದರು.

ಪ್ರಿಯ ಭಕ್ತಾದಿಗಳೇ, ನಮ್ಮ ಧರ್ಮಕೇಂದ್ರದ ನೂರು ವರ್ಷಗಳಲ್ಲಿಯೂ ದಫ್ತರ ಸೇರದ ಪುಣ್ಯಕಾರ್ಯಗಳು ಅದೆಷ್ಟೋ ನಡೆದಿರಬೇಕು. ನೆರೆಮನೆಯ ಅನ್ಯಮತೀಯ ರೋಗಿಯ ತಲೆಯ ಬಳಿ ರಾತ್ರಿಯೆಲ್ಲ ಎಚ್ಚರವಿದ್ದ ತಾಯಂದಿರ ಹೆಸರನ್ನು ಯಾರು ಬರೆದಿಟ್ಟಿದ್ದಾರೆ? ಮುಂದಿನ ನೂರು ವರ್ಷಗಳಲ್ಲಿ ನಮ್ಮ ಮನೆಯ ಬಾಗಿಲು ತಟ್ಟುವ ಪ್ರತಿಯೊಬ್ಬರಿಗೂ ಇಲ್ಲೊಬ್ಬ ಸಹೋದರ, ಇಲ್ಲೊಬ್ಬ ಸಹೋದರಿ ಇದ್ದಾರೆಂಬ ಭರವಸೆ ದೊರೆಯಲಿ. ಸಂತ ಚಾರ್ಲ್ಸ್ ದೆ ಫೂಕೋ ಅವರ ಬಿನ್ನಹದ ಮೂಲಕ ದೇವರು ನಮಗೆ ಆ ವರವನ್ನು ಕರುಣಿಸಲೆಂದು ಪ್ರಾರ್ಥಿಸುತ್ತೇವೆ.