ಮುಧೋಳದ ಮೊಮ್ಮಗ ತೆರೆಸಿದ ಬೋರ್ಡಿಂಗುಗಳು

ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬರುವ ಬಡ ಹುಡುಗನಿಗೆ ಶಾಲೆಯ ಶುಲ್ಕಕ್ಕಿಂತ ಊಟ-ವಸತಿಯೇ ಭಾರ. ಈ ಸತ್ಯವನ್ನು ಶತಮಾನಕ್ಕೂ ಹಿಂದೆಯೇ ಅರಿತಿದ್ದವರು ಕೊಲ್ಲಾಪುರದ ಛತ್ರಪತಿ ಶಾಹು ಮಹಾರಾಜರು. ಘಟಪ್ರಭಾ ತೀರಕ್ಕೆ ಅವರು ಪರಕೀಯರಲ್ಲ. ತಾಯಿ ರಾಧಾಬಾಯಿ ಮುಧೋಳ ರಾಜಮನೆತನದ ಮಗಳು.

1874ರ ಜೂನ್ 26ರಂದು ಕಾಗಲ್‌ನ ಘಾಟ್ಗೆ ಮನೆತನದಲ್ಲಿ ಜನಿಸಿದ ಯಶವಂತರಾವ್, 1884ರಲ್ಲಿ ಕೊಲ್ಲಾಪುರದ ಗಾದಿಗೆ ದತ್ತು ಹೋಗಿ ಶಾಹು ಎನಿಸಿದರು. 1894ರಲ್ಲಿ ಆಡಳಿತ ಸೂತ್ರ ಅವರ ಕೈಗೆ ಬಂತು. ಕೊಲ್ಲಾಪುರದಲ್ಲಿ ರಾಜಾರಾಮ ಕಾಲೇಜೇನೋ ಇತ್ತು. ಆದರೆ ಊರಿನಲ್ಲಿ ನೆಂಟರಿಲ್ಲದ ರೈತರ ಮಕ್ಕಳು ಉಳಿಯುವುದೆಲ್ಲಿ? ಬಾಡಿಗೆ ತೆರುವ ಶಕ್ತಿ ಅವರಿಗಿರಲಿಲ್ಲ. ಇದ್ದರೂ ಜಾತಿ ವಿಚಾರಿಸದೆ ಮನೆ ಕೊಡುವವರು ವಿರಳ.

1896ರಲ್ಲಿ ಮಹಾರಾಜರು ಎಲ್ಲ ಜಾತಿಯವರಿಗೂ ಸೇರಿ ಒಂದು ವಿದ್ಯಾರ್ಥಿ ನಿಲಯ ತೆರೆಸಿದರು. ಕೆಲವೇ ವರ್ಷಗಳಲ್ಲಿ ಅದು ಮೇಲ್ಜಾತಿಯ ವಿದ್ಯಾರ್ಥಿಗಳಿಂದಲೇ ತುಂಬಿತು. ಆಗ ಅವರು ದಾರಿ ಬದಲಿಸಿದರು. 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ಆರಂಭವಾಯಿತು. ಅದೇ ದಶಕದಲ್ಲಿ ಜೈನ, ಲಿಂಗಾಯತ, ಮುಸ್ಲಿಂ ಹಾಗೂ ಅಸ್ಪೃಶ್ಯರೆನಿಸಿದ ಸಮುದಾಯಗಳ ಮಕ್ಕಳಿಗೂ ಬೇರೆ ಬೇರೆ ಬೋರ್ಡಿಂಗುಗಳಾದವು. ಸಂಸ್ಥಾನವು ಜಾಗ, ಅನುದಾನ ನೀಡಿದರೆ ಆಯಾ ಸಮುದಾಯದ ಮುಖಂಡರು ನಡೆಸುವ ಹೊಣೆ ಹೊತ್ತರು. ಸರಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಶೇ. 50 ಮೀಸಲಾತಿಯ ಪ್ರಸಿದ್ಧ ಆಜ್ಞೆ ಹೊರಬಿದ್ದುದು 1902ರ ಜುಲೈ 26ರಂದು. ತಂಗುವ ಸೂರು ಮೊದಲು, ನೌಕರಿಯ ಮಾತು ಆಮೇಲೆ ಎಂಬ ಈ ಕ್ರಮ ಗಮನಾರ್ಹ.

ಜಾತಿಗೊಂದು ಬೋರ್ಡಿಂಗ್ ಎಂಬ ಏರ್ಪಾಡು ಹಸಿವನ್ನು ನೀಗಿಸಿತೇ ಹೊರತು ಮಡಿಯನ್ನಲ್ಲ. ಜೈನ ಬೋರ್ಡಿಂಗಿನಲ್ಲಿದ್ದ ಭಾವೂರಾವ್ ಪಾಟೀಲ ಎಂಬ ವಿದ್ಯಾರ್ಥಿ, ಅಸ್ಪೃಶ್ಯ ಮಕ್ಕಳ ಬೋರ್ಡಿಂಗಿನ ಸಮಾರಂಭಕ್ಕೆ ಹೋಗಿ ಬಂದು, ಶುದ್ಧಿಸ್ನಾನಕ್ಕೆ ಒಪ್ಪದೆ ಹೊರಬೀಳಬೇಕಾಯಿತು. ಅವರಿಗೆ ಆಶ್ರಯ ದೊರೆತದ್ದು ಮಹಾರಾಜರ ಅರಮನೆಯಲ್ಲಿ. ಮುಂದೆ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಕರ್ಮವೀರರು ಇವರೇ. 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುವ ಬೋರ್ಡಿಂಗ್ ತೆರೆದು, ಅದಕ್ಕೆ ಶಾಹು ಮಹಾರಾಜರ ಹೆಸರನ್ನೇ ಇಟ್ಟರು. 1896ರಲ್ಲಿ ಕೈತಪ್ಪಿದ್ದು ಅಲ್ಲಿ ಕೈಗೂಡಿತು. ಅದನ್ನು ಕಾಣಲು ಮಹಾರಾಜರು ಇರಲಿಲ್ಲ. 1922ರ ಮೇ 6ರಂದು, 47ರ ವಯಸ್ಸಿನಲ್ಲಿ, ಮುಂಬಯಿಯಲ್ಲಿ ನಿಧನರಾಗಿದ್ದರು.

ಅವರ ನಂತರವೂ ಈ ಸೀಮೆಯ ಹುಡುಗರು ವಿದ್ಯೆಗಾಗಿ ಕೊಲ್ಲಾಪುರದ ಹಾದಿ ಹಿಡಿಯುತ್ತಿದ್ದರು. ಜಮಖಂಡಿ ತಾಲೂಕಿನ ಸಾವಳಗಿಯ ಬಿ.ಡಿ. ಜತ್ತಿ ಅಲ್ಲಿಯೇ ಕಾನೂನು ಓದಿ, ಜಮಖಂಡಿಗೆ ಮರಳಿ ವಕೀಲಿ ಆರಂಭಿಸಿದರು.